ಬ್ಯಾಟರಿ ಎಲ್ಲಿಂದ ಬಂತು ಅಂತ ಕಾರು ಕೊಳ್ಳೋರಿಗೂ ಹೇಳಿ: ಅಮೆರಿಕ ಕಾಂಗ್ರೆಸ್ಸಿಗೆ ಮತ್ತು ಖಜಾನೆ ಇಲಾಖೆಗೆ ಒಂದು ಬಹಿರಂಗ ಪತ್ರ

ಅಮೆರಿಕ ಕಾಂಗ್ರೆಸ್ಸಿನ ಎರಡೂ ಸದನಗಳ ಮಾನ್ಯ ಸದಸ್ಯರಿಗೆ,
ಹಾಗೂ ಖಜಾನೆ ಇಲಾಖೆಯ ಮಾನ್ಯ ಅಧಿಕಾರಿಗಳಿಗೆ,

ವಿಷಯ: ಎಲೆಕ್ಟ್ರಿಕ್ ಕಾರಿನ ಬ್ಯಾಟರಿ ಮೂಲ ಮತ್ತು ಟ್ಯಾಕ್ಸ್ ಕ್ರೆಡಿಟ್ ನಿಯಮಗಳಿಂದ ಕೊಳ್ಳುವವರಿಗೆ ಆದ ತೊಂದರೆ ಬಗ್ಗೆ

ಮಾನ್ಯರೇ,

ನಾನು ಮಿಶಿಗನ್‌ನಲ್ಲಿ ಇರೋ ಕನ್ನಡದವಳು. ಡೆಟ್ರಾಯ್ಟ್ ಸುತ್ತಮುತ್ತ ಇರೋ ಎಷ್ಟೋ ಕನ್ನಡದ ಮನೆಗಳ ಥರ ನಮ್ಮನೇಲೂ ಅನ್ನ ಬರೋದು ಕಾರ್ ಇಂಡಸ್ಟ್ರಿಯಿಂದಾನೇ. ಒಂದು ಸಪ್ಲೈಯರ್ ಕಂಪನಿಯ ಪರ್ಚೇಸಿಂಗ್‌ನಲ್ಲಿ ಕೆಲಸ ಮಾಡ್ತೀನಿ, ಯಾವ ಪಾರ್ಟ್ ಯಾವ ದೇಶದಿಂದ ಬಂತು ಅನ್ನೋ ಕಾಗದಪತ್ರ ನೋಡೋದು ನನ್ನ ದಿನನಿತ್ಯದ ಕೆಲಸ. ಇದೇ ಪತ್ರವನ್ನ ಇಂಗ್ಲಿಷಲ್ಲಿ ನಮ್ಮ ಡಿಸ್ಟ್ರಿಕ್ಟಿನ ಪ್ರತಿನಿಧಿಯ ಆಫೀಸಿಗೆ ಕಳಿಸಿದ್ದೀನಿ. ಕನ್ನಡದಲ್ಲೂ ಹಾಕ್ತಿರೋದು ಯಾಕಂದ್ರೆ ಬೇ ಏರಿಯಾ, ನ್ಯೂಜೆರ್ಸಿ, ಡಲ್ಲಾಸ್, ಅಟ್ಲಾಂಟ ಎಲ್ಲಾ ಕಡೆ ನಮ್ಮವರು ಈ ಕಾರುಗಳನ್ನ ತಗೊಂಡಿದ್ದಾರೆ, ಇದೇ ಗೊಂದಲದಲ್ಲಿ ಸಿಕ್ಕಿಬಿದ್ದಿದ್ದಾರೆ, ಓದಿದೋರು ತಮ್ಮ ತಮ್ಮ ಪ್ರತಿನಿಧಿಗಳಿಗೂ ಬರೀಲಿ ಅಂತ. ವೀಸಾದಲ್ಲಿ ಇರೋರಿಗೆ ಓಟಿಲ್ಲ ನಿಜ, ಆದ್ರೆ ಟ್ಯಾಕ್ಸ್ ಅವರೂ ಕಟ್ತಾರೆ, ಕೇಳೋ ಹಕ್ಕು ಅವರಿಗೂ ಇದೆ.

2022ರ ಆಗಸ್ಟ್ 16ಕ್ಕೆ ಆಗಿನ ಅಧ್ಯಕ್ಷ ಬೈಡನ್ ಅವರು ಇನ್‌ಫ್ಲೇಶನ್ ರಿಡಕ್ಷನ್ ಆ್ಯಕ್ಟ್ ಅನ್ನೋ ಕಾನೂನಿಗೆ ಸಹಿ ಹಾಕಿದ್ರು. ಹೊಸ ಎಲೆಕ್ಟ್ರಿಕ್ ಕಾರಿಗೆ 7,500 ಡಾಲರ್ ತನಕ ಟ್ಯಾಕ್ಸ್ ಕ್ರೆಡಿಟ್, ಅಂದ್ರೆ ಕಟ್ಟೋ ಟ್ಯಾಕ್ಸಲ್ಲಿ ನೇರವಾಗಿ ಕಡಿತ, 2032ರ ಕೊನೇವರೆಗೂ ಇರತ್ತೆ ಅಂತ ಹೇಳಿದ್ರಿ. ಅದಕ್ಕೆ ಷರತ್ತುಗಳನ್ನೂ ಹಾಕಿದ್ರಿ. ಗಾಡಿಯ ಫೈನಲ್ ಅಸೆಂಬ್ಲಿ, ಅಂದ್ರೆ ಕೊನೇ ಜೋಡಣೆ, ಉತ್ತರ ಅಮೆರಿಕದಲ್ಲೇ ಆಗಿರಬೇಕು, ಸಹಿ ಬಿದ್ದ ಮಾರನೇ ದಿನದಿಂದಲೇ. ಕಾರಿನ ಬೆಲೆ 55,000 ಡಾಲರ್ ದಾಟಬಾರದು, ಎಸ್‌ಯುವಿ, ಪಿಕಪ್ ಆದ್ರೆ 80,000. ಗಂಡ ಹೆಂಡತಿ ಜಾಯಿಂಟ್ ಫೈಲ್ ಮಾಡಿದ್ರೆ ಆದಾಯ 3 ಲಕ್ಷ ಡಾಲರ್ ಒಳಗಿರಬೇಕು. ಇಷ್ಟನ್ನೂ ಯಾರು ಬೇಕಾದ್ರೂ ಮನೇಲಿ ಕೂತು ಚೆಕ್ ಮಾಡ್ಕೋಬಹುದು. ಸ್ಟಿಕರ್ ಮೇಲೆ ಬೆಲೆ ಇರತ್ತೆ, ಟ್ಯಾಕ್ಸ್ ರಿಟರ್ನಲ್ಲಿ ಆದಾಯ ಇರತ್ತೆ, ಅಸೆಂಬ್ಲಿ ಎಲ್ಲಿ ಆಯ್ತು ಅಂತ ಗಾಡಿಯ ಮೇಲೇ ಬರೆದಿರತ್ತೆ.

ಕಷ್ಟ ಶುರುವಾಗಿದ್ದು ಬ್ಯಾಟರಿಯಿಂದ. 2023ರ ಏಪ್ರಿಲ್ 18ರಿಂದ ಆ 7,500ನ್ನ ಎರಡು ಭಾಗ ಮಾಡಿದ್ರಿ. ಬ್ಯಾಟರಿಯ ಖನಿಜಗಳಲ್ಲಿ ಇಂತಿಷ್ಟು ಪಾಲು ಅಮೆರಿಕದಲ್ಲೋ ಅಥವಾ ಫ್ರೀ ಟ್ರೇಡ್ ಒಪ್ಪಂದ ಇರೋ ದೇಶದಲ್ಲೋ ತೆಗೆದಿದ್ದು ಇಲ್ಲಾ ಸಂಸ್ಕರಿಸಿದ್ದು ಆಗಿದ್ರೆ 3,750, ಬ್ಯಾಟರಿಯ ಭಾಗಗಳಲ್ಲಿ ಇಂತಿಷ್ಟು ಪಾಲು ಉತ್ತರ ಅಮೆರಿಕದಲ್ಲಿ ತಯಾರಾಗಿದ್ರೆ ಇನ್ನೊಂದು 3,750. ಆ ಪಾಲು ವರ್ಷದಿಂದ ವರ್ಷಕ್ಕೆ ಏರ್ತಾ ಹೋಗೋದು, ಖನಿಜಕ್ಕೆ 2023ರಲ್ಲಿ ಶೇ. 40, 2024ರಲ್ಲಿ 50, 2025ರಲ್ಲಿ 60. ಇದರ ಮೇಲೆ ಇನ್ನೊಂದು: ಚೀನಾ, ರಷ್ಯಾ, ಉತ್ತರ ಕೊರಿಯಾ, ಇರಾನ್ ಹಿಡಿತದಲ್ಲಿರೋ ಕಂಪನಿಯಿಂದ 2024ರ ಮೇಲೆ ಬ್ಯಾಟರಿಯ ಒಂದು ಭಾಗ ಬಂದ್ರೂ, 2025ರ ಮೇಲೆ ಖನಿಜ ಬಂದ್ರೂ ಪೂರ್ತಿ ಕ್ರೆಡಿಟ್ ಹೋಯ್ತು.

ಉದ್ದೇಶ ತಪ್ಪು ಅಂತ ನಾನು ಹೇಳ್ತಿಲ್ಲ, ದಯವಿಟ್ಟು ಹಾಗೆ ತಿಳ್ಕೋಬೇಡಿ. ಬ್ಯಾಟರಿ ದರ್ಜೆಯ ಗ್ರಾಫೈಟ್ ಹತ್ತಿರ ಹತ್ತಿರ ಪೂರ್ತಿ ಚೀನಾದಲ್ಲೇ ಸಂಸ್ಕರಣೆ ಆಗತ್ತೆ, 2023ರ ಡಿಸೆಂಬರಿಂದ ಅದರ ರಫ್ತಿಗೆ ಅವರು ಪರ್ಮಿಟ್ ಕಡ್ಡಾಯ ಮಾಡಿದಾಗ ನಮ್ಮ ಇಂಡಸ್ಟ್ರಿಯಲ್ಲಿ ಎಲ್ಲರಿಗೂ ಆ ಬಿಸಿ ತಟ್ಟಿತು. ಜಗತ್ತಿನ ಕೋಬಾಲ್ಟಿನಲ್ಲಿ ದೊಡ್ಡ ಪಾಲು ಕಾಂಗೋ ದೇಶದ ಗಣಿಗಳಿಂದ ಬರತ್ತೆ, ಅಲ್ಲಿ ಕೈಯಲ್ಲಿ ಅಗೆಯೋ ಗಣಿಗಳಲ್ಲಿ ಸಣ್ಣ ಮಕ್ಕಳು ದುಡಿಯೋದು ಗೊತ್ತಿದ್ದೂ ಕಣ್ಮುಚ್ಚಿಕೊಂಡು ಇರಬೇಕು ಅಂತ ಯಾರೂ ಹೇಳಲ್ಲ. ಬ್ಯಾಟರಿ ಇಲ್ಲೇ ತಯಾರಾಗ್ಲಿ, ನಾಲ್ಕು ಜನಕ್ಕೆ ಕೆಲಸ ಸಿಗ್ಲಿ. ಜಾರ್ಜಿಯಾ, ಟೆನೆಸ್ಸಿ, ಕೆಂಟಕಿ, ನಮ್ಮ ಮಿಶಿಗನ್‌ನಲ್ಲೂ ಫ್ಯಾಕ್ಟರಿಗಳು ಎದ್ದಿದ್ದನ್ನ ಕಣ್ಣಾರೆ ನೋಡಿದ್ದೀವಿ. ನನ್ನ ತಕರಾರು ಬೇರೆ. ಆ ನಿಯಮ ಪಾಲಿಸಬೇಕಾದ ಜವಾಬ್ದಾರಿ ಕಂಪನಿಯದ್ದು, ಅದರ ದಂಡ ಬಿದ್ದಿದ್ದು ಮಾತ್ರ ಕೊಳ್ಳೋರ ಜೇಬಿಗೆ, ಮತ್ತೆ ಕೊಳ್ಳೋರಿಗೆ ಅದನ್ನ ಮೊದಲೇ ತಿಳ್ಕೊಳ್ಳೋ ಯಾವ ದಾರೀನೂ ನೀವು ಇಡಲಿಲ್ಲ. ಅಡುಗೆಮನೆ ಒಳಗೆ ಬಿಡದೆ, ಸಾರಿಗೆ ಹಾಕಿದ ಬೇಳೆ ಯಾವ ಊರಿಂದು ಅಂತ ಊಟಕ್ಕೆ ಕೂತೋರನ್ನ ಕೇಳಿ, ಅವರು ಹೇಳೋಕಾಗ್ಲಿಲ್ಲ ಅಂತ ಎಲೆ ಎಳ್ಕೊಂಡ ಹಾಗಾಯ್ತು.

ನಮ್ಮನೇಲಿ ಏನಾಯ್ತು ಅಂತ ಹೇಳ್ತೀನಿ. 2023ರ ದಸರಾ ಟೈಮಲ್ಲಿ ನಾವು ಒಂದು ಎಲೆಕ್ಟ್ರಿಕ್ ಕಾರಿಗೆ ಆರ್ಡರ್ ಕೊಟ್ವಿ. ಡೀಲರ್ ಹತ್ರ ಸೇಲ್ಸ್‌ಮನ್ ಕಂಪ್ಯೂಟರ್ ಸ್ಕ್ರೀನ್ ನಮ್ಮ ಕಡೆ ತಿರುಗಿಸಿ ತೋರಿಸಿದ್ರು, ಸರ್ಕಾರದ್ದೇ ವೆಬ್‌ಸೈಟು, ನಮ್ಮ ಮಾಡೆಲ್ ಮುಂದೆ 7,500 ಅಂತ ಇತ್ತು. ಅದನ್ನ ನಂಬ್ಕೊಂಡು ಲೆಕ್ಕ ಹಾಕಿ ಸೈನ್ ಮಾಡಿ ಡಿಪಾಸಿಟ್ ಕಟ್ಟಿದ್ವಿ. ಡಿಸೆಂಬರ್‌ನಲ್ಲಿ ಬರತ್ತೆ ಅಂದಿದ್ದ ಗಾಡಿ ಸಾಗಣೇಲಿ ತಡ ಆಗಿ ಜನವರಿಯಲ್ಲಿ ಬಂತು. ಅಷ್ಟರಲ್ಲಿ ಆ ಮಾಡೆಲ್ ಕ್ರೆಡಿಟ್ ಸಿಗೋ ಗಾಡಿಗಳ ಲಿಸ್ಟಿಂದಾನೇ ಹೋಗಿತ್ತು. ಡ್ರೈವರ್ ಬಾಗಿಲು ತೆಗೆದ್ರೆ ಪಕ್ಕದ ಕಂಬದ ಮೇಲೆ ಲೇಬಲ್ ಇರತ್ತಲ್ಲ, ಅದ್ರಲ್ಲಿ ತಯಾರಾದ ತಿಂಗಳು 11/23 ಅಂತ ಅಚ್ಚಾಗಿತ್ತು. ಅಂದ್ರೆ 2023ರಲ್ಲೇ ತಯಾರಾದ ಗಾಡಿ, 2023ರಲ್ಲೇ ಕೂರಿಸಿದ ಬ್ಯಾಟರಿ, 2023ರಲ್ಲೇ ನಾವು ಸೈನ್ ಮಾಡಿದ ಕಾಗದ. ಬದಲಾಗಿದ್ದು ಕೀ ನಮ್ಮ ಕೈಗೆ ಬಂದ ತಾರೀಖು ಒಂದೇ. ನಮ್ಮ ಮನೆಯವರು ಆ ಲೇಬಲ್ಲನ್ನ ಫೋಟೋ ತೆಗೆದು ಡೀಲರಿಗೆ ತೋರಿಸಿದ್ರು, ಅವರೂ ಪಾಪ ಏನು ಮಾಡ್ತಾರೆ, ಡೆಲಿವರಿ ಡೇಟೇ ಲೆಕ್ಕ ಸಾರ್ ಅಂದ್ರು.

ಇಲ್ಲಿ ಒಂದು ವಿಷಯ ನೀವು ಗಮನಿಸಬೇಕು ಅಂತ ಕೇಳ್ಕೋತೀನಿ. 2022ರ ಆಗಸ್ಟಲ್ಲಿ ಕಾನೂನು ಬದಲಾದಾಗ, ಅದಕ್ಕೆ ಮುಂಚೆ ಬರವಣಿಗೆಯಲ್ಲಿ ಒಪ್ಪಂದ ಮಾಡ್ಕೊಂಡಿದ್ದೋರಿಗೆ ಹಳೇ ನಿಯಮಾನೇ ಅನ್ವಯ ಆಗತ್ತೆ ಅಂತ ಅವಕಾಶ ಕೊಟ್ರಿ. 2025ರಲ್ಲಿ ಕ್ರೆಡಿಟ್ ನಿಲ್ಲಿಸುವಾಗಲೂ ಸೆಪ್ಟೆಂಬರ್ 30ರ ಒಳಗೆ ಒಪ್ಪಂದಕ್ಕೆ ಸಹಿ ಹಾಕಿ ಸ್ವಲ್ಪ ದುಡ್ಡು ಕಟ್ಟಿದ್ರೆ ಸಾಕು, ಗಾಡಿ ಆಮೇಲೆ ಬಂದ್ರೂ ಪರವಾಗಿಲ್ಲ ಅಂದ್ರಿ. ಎರಡು ಸಲಾನೂ ಮಾಡಿದ್ದು ಸರಿ. ಮಧ್ಯದಲ್ಲಿ 2023ರ ಏಪ್ರಿಲ್ 18ಕ್ಕೆ ಮತ್ತು 2024ರ ಜನವರಿ 1ಕ್ಕೆ ಬ್ಯಾಟರಿ ನಿಯಮ ಬಿಗಿ ಆದಾಗ ಮಾತ್ರ ಒಪ್ಪಂದಕ್ಕೆ ಬೆಲೆ ಇಲ್ಲ, ಡೆಲಿವರಿ ದಿನ ನೋಡ್ತೀವಿ ಅಂದ್ರಿ. ಮೊದಲೂ ಕೊನೇಲೂ ಆಗೋದು ಮಧ್ಯದಲ್ಲಿ ಯಾಕೆ ಆಗಲ್ಲ? ಅದೂ 2024ರ ಆ ಬದಲಾವಣೆಗೆ, ಯಾವ ಕಂಪನಿಯನ್ನ ಚೀನಾ ಹಿಡಿತದ್ದು ಅಂತ ಲೆಕ್ಕ ಹಾಕಬೇಕು ಅನ್ನೋ ಪ್ರಸ್ತಾವಿತ ವಿವರಣೆ ಖಜಾನೆ ಮತ್ತು ಇಂಧನ ಇಲಾಖೆಗಳಿಂದ ಬಂದಿದ್ದು 2023ರ ಡಿಸೆಂಬರ್ 1ಕ್ಕೆ, ಜಾರಿ ಆಗಿದ್ದು ಜನವರಿ 1ಕ್ಕೆ. ಒಂದೇ ತಿಂಗಳಲ್ಲಿ, ಅದೂ ಕ್ರಿಸ್‌ಮಸ್ ರಜೆಯಲ್ಲಿ, ಕಾರ್ ಕಂಪನಿಗಳೇ ತಮ್ಮ ಯಾವ ಮಾಡೆಲ್ ಉಳಿಯತ್ತೆ ಯಾವುದು ಹೋಗತ್ತೆ ಅಂತ ಸರಿಯಾಗಿ ಹೇಳೋಕಾಗದೆ ಇದ್ದಾಗ ನಮ್ಮಂಥೋರು ಹೇಗೆ ತಿಳ್ಕೊಳ್ಳೋದು?

ಜನವರಿಯಲ್ಲಿ ಲಿಸ್ಟು ಅರ್ಧಕ್ಕೂ ಕೆಳಗೆ ಇಳೀತು. ಟೆನೆಸ್ಸಿಯ ಸ್ಮಿರ್ನಾದಲ್ಲಿ ಅಮೆರಿಕದ ಕೆಲಸಗಾರರೇ ಆಗ ಜೋಡಿಸ್ತಿದ್ದ ನಿಸ್ಸಾನ್ ಲೀಫ್ ಲಿಸ್ಟಿಂದ ಹೋಯ್ತು, ಆಮೇಲೆ ಅರ್ಧ ಕ್ರೆಡಿಟ್ಟಿಗೆ ವಾಪಸ್ ಬಂತು. ಟೆಸ್ಲಾ ಮಾಡೆಲ್ 3ರಲ್ಲಿ ದುಬಾರಿಯ ಪರ್ಫಾರ್ಮೆನ್ಸ್ ಟ್ರಿಮ್ಮಿಗೆ ಪೂರ್ತಿ 7,500 ಉಳೀತು, ಎಲ್ಲಕ್ಕಿಂತ ಕಮ್ಮಿ ಬೆಲೆಯ ರಿಯರ್ ವೀಲ್ ಡ್ರೈವಿಗೆ ಏನೂ ಇಲ್ಲ. ಕಾರಣ ಏನಂದ್ರೆ ಕಮ್ಮಿ ಬೆಲೆಯ ಗಾಡಿಯಲ್ಲಿ ಹಾಕ್ತಿದ್ದಿದ್ದು ಐರನ್ ಫಾಸ್ಫೇಟ್ ಬ್ಯಾಟರಿ, ಎಲ್‌ಎಫ್‌ಪಿ ಅಂತೀವಿ, ಅದ್ರಲ್ಲಿ ನಿಕ್ಕಲ್ಲೂ ಇಲ್ಲ ಕೋಬಾಲ್ಟೂ ಇಲ್ಲ, ಬಾಳಿಕೆ ಜಾಸ್ತಿ, ಬೆಂಕಿ ಹತ್ಕೊಳ್ಳೋ ಭಯ ಕಮ್ಮಿ, ಬೆಲೆ ಕಮ್ಮಿ, ಆದ್ರೆ ಸೆಲ್ ಬರೋದು ಚೀನಾದಿಂದ. ಕಾಂಗೋದ ಕೋಬಾಲ್ಟ್ ಬೇಡ ಅಂತ ಯೋಚನೆ ಮಾಡಿ ಎಲ್‌ಎಫ್‌ಪಿ ಆರಿಸ್ಕೊಂಡ ಸಾಮಾನ್ಯ ಕುಟುಂಬಕ್ಕೆ ಸಹಾಯ ಇಲ್ಲ, ಜಾಸ್ತಿ ದುಡ್ಡು ಕೊಟ್ಟು ಫಾಸ್ಟ್ ಕಾರ್ ತಗೊಳ್ಳೋರಿಗೆ ಪೂರ್ತಿ ಸಹಾಯ. ಇದನ್ನ ಬರೆದೋರು ಹೀಗಾಗ್ಲಿ ಅಂತ ಬರೆದಿರಲಿಕ್ಕಿಲ್ಲ. ಆದ್ರೆ ಆಗಿದ್ದು ಹೀಗೇ.

ಇನ್ನು ಗ್ರಾಫೈಟ್ ವಿಷಯ. ಇದು ನನ್ನ ಕೆಲಸಕ್ಕೆ ಹತ್ರದ್ದು, ಹಾಗಾಗಿ ಸ್ವಲ್ಪ ವಿವರವಾಗಿ ಹೇಳ್ತೀನಿ. ಬ್ಯಾಟರಿ ಸೆಲ್ಲಿನ ನೆಗೆಟಿವ್ ಕಡೆ ಇರೋ ಆನೋಡ್ ಅಂದ್ರೆ ತೆಳ್ಳಗಿನ ತಾಮ್ರದ ಹಾಳೆ ಮೇಲೆ ಬಳಿದ ಕಪ್ಪು ಪುಡಿ, ಅದೇ ಗ್ರಾಫೈಟ್. ಸ್ವಲ್ಪ ಗಣಿಯಿಂದ ಬಂದಿದ್ದು, ಸ್ವಲ್ಪ ಪೆಟ್ರೋಲಿಯಂ ಕೋಕಿಂದ ಭಟ್ಟಿಯಲ್ಲಿ ಕಾಯಿಸಿ ಮಾಡಿದ್ದು, ಎರಡನ್ನೂ ಬೆರೆಸಿ ಬಿಡ್ತಾರೆ. ಬೆರೆಸಿದ ಮೇಲೆ ಯಾವ ಕಣ ಯಾವ ದೇಶದ್ದು ಅಂತ ಹೇಳೋದು ತಯಾರಕರಿಗೇ ಕಷ್ಟ. ಇದನ್ನ ಒಪ್ಕೊಂಡು 2024ರ ಮೇ 3ರ ಅಂತಿಮ ನಿಯಮದಲ್ಲಿ ಖಜಾನೆ ಇಲಾಖೆ, ಗ್ರಾಫೈಟಿನ ಜಾಡು ಹಿಡಿಯೋದು ಸದ್ಯಕ್ಕೆ ಕಾರ್ಯಸಾಧ್ಯ ಅಲ್ಲ, 2026ರ ಕೊನೇವರೆಗೂ ಕಂಪನಿಗಳಿಗೆ ವಿನಾಯಿತಿ, ಆಮೇಲೆ ಹೇಗೆ ಸರಿಮಾಡ್ಕೋತೀರಿ ಅಂತ ಪ್ಲ್ಯಾನ್ ಕೊಡಿ ಅಂತ ಹೇಳಿತು. ನಾನು ಅದನ್ನ ತಪ್ಪು ಅನ್ನಲ್ಲ, ವಸ್ತುಸ್ಥಿತಿ ನೋಡಿ ಮಾಡಿದ್ದು. ಆದ್ರೆ ದೊಡ್ಡ ದೊಡ್ಡ ಕಂಪನಿಗಳು, ಅವರ ಲಾಯರ್‌ಗಳು, ನಮ್ಮಂಥ ಪರ್ಚೇಸಿಂಗ್ ಡಿಪಾರ್ಟ್‌ಮೆಂಟ್‌ಗಳು ಎಲ್ಲಾ ಸೇರಿ ಪತ್ತೆ ಮಾಡೋಕಾಗದ್ದಕ್ಕೆ ಅವರಿಗೆ ಎರಡೂವರೆ ವರ್ಷ ಟೈಮ್ ಕೊಟ್ಟೋರು, ಆ ಪತ್ತೆಯ ಫಲಿತಾಂಶದ ಮೇಲೆ 7,500 ಡಾಲರ್ ಕಳ್ಕೊಳ್ಳೋ ಕೊಳ್ಳುಗನಿಗೆ ಒಂದು ದಿನದ ರಿಯಾಯಿತೀನೂ ಕೊಡ್ಲಿಲ್ಲ.

ನಮ್ಮ ಊರ ಕಡೆಯವರಿಗೆ ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ. ಮಂಡ್ಯ ಜಿಲ್ಲೆಯಲ್ಲಿ ಸುಮಾರು 1,600 ಟನ್ ಲಿಥಿಯಂ ಇರಬಹುದು ಅಂತ ಅಂದಾಜು ಬಂದಾಗ ಎಷ್ಟೋ ಜನ ಖುಷಿಪಟ್ಟು ಶೇರ್ ಮಾಡಿದ್ರು. ಆದ್ರೆ ಭಾರತಕ್ಕೂ ಅಮೆರಿಕಕ್ಕೂ ಫ್ರೀ ಟ್ರೇಡ್ ಒಪ್ಪಂದ ಇಲ್ಲದೆ ಇದ್ದಿದ್ರಿಂದ, ಅಲ್ಲೇ ತೆಗೆದು ಅಲ್ಲೇ ಸಂಸ್ಕರಿಸಿದ ಲಿಥಿಯಂ ಈ ಲೆಕ್ಕದಲ್ಲಿ ಸೇರ್ತಾನೇ ಇರ್ಲಿಲ್ಲ. ಜಪಾನಿಗೂ ಅಂಥ ಒಪ್ಪಂದ ಇರ್ಲಿಲ್ಲ, ಅವರಿಗೋಸ್ಕರ 2023ರ ಮಾರ್ಚಲ್ಲಿ ಬರೀ ಖನಿಜಗಳಿಗೆ ಅಂತ ಬೇರೆ ಒಪ್ಪಂದ ಮಾಡ್ಕೊಂಡ್ರಿ. ಮನಸ್ಸು ಮಾಡಿದ್ರೆ ದಾರಿ ಇದೆ ಅಂತಾಯ್ತಲ್ಲ.

ಎಲ್ಲಕ್ಕಿಂತ ಬೇಜಾರಾಗಿದ್ದು ಲೀಸ್ ವಿಷಯಕ್ಕೆ. ನಮ್ಮ ಕ್ರೆಡಿಟ್ ಹೋಯ್ತು ಅಂತ ಗೊತ್ತಾದ ದಿನವೇ ಅದೇ ಸೇಲ್ಸ್‌ಮನ್ ಅದೇ ಗಾಡೀನ ತೋರಿಸಿ, ಕೊಳ್ಳೋ ಬದಲು ಲೀಸ್ ಮಾಡಿ, 7,500 ಪೂರ್ತಿ ಕಮ್ಮಿ ಮಾಡಿಕೊಡ್ತೀವಿ ಅಂದ್ರು. ಯಾಕಂದ್ರೆ ಲೀಸ್ ಕೊಡೋ ಕಂಪನಿಗೆ ಆಗ ಕಮರ್ಷಿಯಲ್ ವಾಹನದ ಬೇರೆ ಕ್ರೆಡಿಟ್ ಸಿಗ್ತಿತ್ತು, ಅದಕ್ಕೆ ಬ್ಯಾಟರಿ ಎಲ್ಲಿಂದ ಬಂತು ಅನ್ನೋ ಪ್ರಶ್ನೆ ಇರ್ಲಿಲ್ಲ, ಅಸೆಂಬ್ಲಿ ಎಲ್ಲಿ ಅಂತ ಇರ್ಲಿಲ್ಲ, ಮನೆಯ ಆದಾಯ ಎಷ್ಟು ಅಂತಾನೂ ಇರ್ಲಿಲ್ಲ. ಒಂದೇ ಗಾಡಿ, ಒಂದೇ ಬ್ಯಾಟರಿ. ಲೀಸ್ ಕಾಗದಕ್ಕೆ ಸಹಿ ಹಾಕಿದ್ರೆ ದೇಶದ ಭದ್ರತೆಗೆ ಏನೂ ತೊಂದರೆ ಇಲ್ಲ, ಕೊಂಡುಕೊಳ್ಳೋ ಕಾಗದಕ್ಕೆ ಸಹಿ ಹಾಕಿದ್ರೆ ತೊಂದರೆ, ಇದು ಹೇಗೆ ಅಂತ ನನಗೆ ಇವತ್ತಿಗೂ ಅರ್ಥ ಆಗಿಲ್ಲ. ಹತ್ತು ವರ್ಷ ಇಟ್ಕೊಂಡು ಓಡಿಸೋಣ ಅಂತ ಇದ್ದೋರು ನಾವು, ಮೈಲಿ ಲಿಮಿಟ್ಟು ಅದೂ ಇದೂ ಬೇಡ ಅಂತ ಪೂರ್ತಿ ಬೆಲೆ ಕೊಟ್ಟೇ ತಗೊಂಡ್ವಿ. ಪರಿಚಯದ ಎಷ್ಟೋ ಮನೆಗಳಲ್ಲಿ ಇಷ್ಟ ಇಲ್ಲದೇ ಇದ್ರೂ ಲೀಸಿಗೆ ಹೋದ್ರು, ಈಗ ಆ ಲೀಸ್‌ಗಳು ಒಂದೊಂದೇ ಮುಗೀತಾ ಬಂದಿವೆ, ಗಾಡಿ ವಾಪಸ್ ಕೊಟ್ಟು ಮತ್ತೆ ಶುರುವಿಂದ ಹುಡುಕಬೇಕು, ಈ ಸಲ ಕ್ರೆಡಿಟ್ಟೂ ಇಲ್ಲ.

ಇನ್ನೊಂದು ಬಗೆಯ ಕಷ್ಟಾನೂ ನೋಡಿದ್ದೀನಿ. 2024ರಿಂದ ಡೀಲರ್ ಆದೋರು ಅಮೆರಿಕದ ಟ್ಯಾಕ್ಸ್ ಇಲಾಖೆ ಐಆರ್‌ಎಸ್‌ನ ಪೋರ್ಟಲಲ್ಲಿ ರಿಜಿಸ್ಟರ್ ಆಗಿ, ಗಾಡಿ ಕೊಟ್ಟ 3 ದಿನದ ಒಳಗೆ ಸೇಲ್ ರಿಪೋರ್ಟ್ ಹಾಕಬೇಕು ಅಂತ ನಿಯಮ ಇತ್ತು. ನಮ್ಮ ಕನ್ನಡ ಕೂಟದ ಒಬ್ಬರಿಗೆ ಎಲ್ಲಾ ಅರ್ಹತೆನೂ ಇತ್ತು, ಗಾಡೀನೂ ಲಿಸ್ಟಲ್ಲಿ ಇತ್ತು, ಡೀಲರ್ ಮಾತ್ರ ಆ ರಿಪೋರ್ಟ್ ಹಾಕಿರ್ಲಿಲ್ಲ. ಮುಂದಿನ ವರ್ಷ ಟ್ಯಾಕ್ಸ್ ಫೈಲ್ ಮಾಡುವಾಗಲೇ ಇವರಿಗೆ ಗೊತ್ತಾಗಿದ್ದು. ಡೀಲರ್ ಹತ್ರ ಹೋದ್ರೆ ಆ ಸೇಲ್ಸ್‌ಮನ್ ಕೆಲಸ ಬಿಟ್ಟಿದ್ದಾರೆ, ಈಗ ಏನೂ ಮಾಡೋಕಾಗಲ್ಲ ಅಂತ ಕೈಚೆಲ್ಲಿದ್ರು. ಮಾಡದ ತಪ್ಪಿಗೆ ಇವರು ಆ ದುಡ್ಡು ಕಳ್ಕೊಂಡ್ರು.

ಈಗ ಆ ಕ್ರೆಡಿಟ್ಟೇ ಇಲ್ವಲ್ಲ, ಹಳೇದನ್ನ ಯಾಕೆ ಕೆದಕ್ತೀರಿ ಅಂತ ನೀವು ಕೇಳಬಹುದು. 2025ರ ಜುಲೈ 4ಕ್ಕೆ ಸಹಿಯಾದ ಕಾನೂನಿನಿಂದ ಹೊಸ ಗಾಡಿ, ಹಳೇ ಗಾಡಿ, ಲೀಸ್ ಮೂರರ ಕ್ರೆಡಿಟ್ಟೂ ಸೆಪ್ಟೆಂಬರ್ 30ಕ್ಕೆ ಮುಗೀತು. 2032ರವರೆಗೆ ಅಂತ ಕೊಟ್ಟ ಮಾತು ಮೂರು ತಿಂಗಳೂ ತುಂಬದ ನೋಟೀಸಲ್ಲಿ ಹೋಯ್ತು. ಅದರ ಜಾಗದಲ್ಲಿ ಬಂದಿದ್ದು ಕಾರ್ ಲೋನಿನ ಬಡ್ಡಿ ಮೇಲೆ ವರ್ಷಕ್ಕೆ 10,000 ಡಾಲರ್ ತನಕ ಡಿಡಕ್ಷನ್, 2025ರಿಂದ 2028ರವರೆಗೆ, ಹೊಸ ಗಾಡಿಯ ಫೈನಲ್ ಅಸೆಂಬ್ಲಿ ಅಮೆರಿಕದಲ್ಲಿ ಆಗಿದ್ರೆ. ಇದ್ರಲ್ಲಿ ಬ್ಯಾಟರಿ ಬಗ್ಗೆ ಒಂದು ಅಕ್ಷರ ಇಲ್ಲ. ಚೀನಾದ ಸೆಲ್ ಇದೆ ಅಂತ ನಿನ್ನೆ ಬೇಡ ಅಂದ ಗಾಡಿ, ಇಲ್ಲೇ ಜೋಡಿಸಿದ್ದಾದ್ರೆ ಇವತ್ತು ಬಡ್ಡಿ ಡಿಡಕ್ಷನ್ನಿಗೆ ಅರ್ಹ. ಅದೇ ಹೊತ್ತಲ್ಲಿ ಬ್ಯಾಟರಿ ತಯಾರಿಸೋ ಕಂಪನಿಗಳ ಕ್ರೆಡಿಟ್ಟಿಗೆ ಮಾತ್ರ ಚೀನಾ ಸಂಬಂಧದ ನಿಯಮ ಇನ್ನೂ ಬಿಗಿ ಮಾಡಿದ್ರಿ. ಅಂದ್ರೆ ಬ್ಯಾಟರಿ ಎಲ್ಲಿಂದ ಬರತ್ತೆ ಅನ್ನೋದು ನಿಮಗೆ ಈಗಲೂ ಮುಖ್ಯಾನೇ. ಹಾಗಾದ್ರೆ ನಾಳೆ ಇನ್ನೊಂದು ಸರ್ಕಾರ ಬಂದು ಇನ್ನೊಂದು ಕ್ರೆಡಿಟ್ ತಂದ್ರೆ, ಇದೇ ನಿಯಮ, ಇದೇ ಗೋಳು ಮತ್ತೆ ಬರತ್ತೆ. ಅದಕ್ಕೇ ಈಗಲೇ ಬರೀತಿರೋದು.

ನನ್ನ ಮುಖ್ಯ ಬೇಡಿಕೆ ಒಂದೇ. ಹೊಸ ಕಾರಿನ ಕಿಟಕಿಗೆ ಅಂಟಿಸೋ ಲೇಬಲ್ಲಲ್ಲಿ ಬ್ಯಾಟರಿಯ ಮೂಲ ಬರೆಯೋದನ್ನ ಕಡ್ಡಾಯ ಮಾಡಿ. ಇದಕ್ಕೆ ಹೊಸ ಕಾನೂನು ಮೊದಲಿಂದ ಬರೀಬೇಕಾಗಿಲ್ಲ. 1992ರ ಅಮೆರಿಕನ್ ಆಟೋಮೊಬೈಲ್ ಲೇಬಲಿಂಗ್ ಆ್ಯಕ್ಟ್ ಇದೆ, ಅದರ ಪ್ರಕಾರ ಅಮೆರಿಕ, ಕೆನಡಾದ ಬಿಡಿಭಾಗಗಳ ಪಾಲು ಎಷ್ಟು, ಅಸೆಂಬ್ಲಿ ಯಾವ ಊರಲ್ಲಿ, ಎಂಜಿನ್ ಯಾವ ದೇಶದ್ದು, ಟ್ರಾನ್ಸ್‌ಮಿಷನ್ ಯಾವ ದೇಶದ್ದು ಅಂತ ಪ್ರತಿ ಕಾರಿನ ಮೇಲೂ ಬರೀಲೇಬೇಕು. ಕಾನೂನು ಬರೆದ ಕಾಲಕ್ಕೆ ಕಾರಿನಲ್ಲಿ ಬೆಲೆ ಬಾಳೋದು ಅವೆರಡೇ ಆಗಿತ್ತು, ಬರೆಸಿದ್ರು. ಎಲೆಕ್ಟ್ರಿಕ್ ಕಾರಿನಲ್ಲಿ ಎಂಜಿನ್ನೇ ಇಲ್ಲ, ಎಲ್ಲಕ್ಕಿಂತ ತೂಕದ, ಎಲ್ಲಕ್ಕಿಂತ ದುಬಾರಿ ಭಾಗ ಅಂದ್ರೆ ಬ್ಯಾಟರಿ, ಅದರ ಬಗ್ಗೆ ಆ ಲೇಬಲ್ ಪ್ರತ್ಯೇಕವಾಗಿ ಏನೂ ಹೇಳಬೇಕಾಗಿಲ್ಲ. ಆ ಕಾನೂನಿಗೆ ಒಂದು ಸಾಲು ಸೇರಿಸಿ: ಸೆಲ್ ತಯಾರಾದ ದೇಶ, ಯಾವ ರಾಸಾಯನಿಕದ ಬ್ಯಾಟರಿ, ಕ್ಯಾಥೋಡ್ (ಸೆಲ್ಲಿನ ಪಾಸಿಟಿವ್ ಕಡೆ) ಮತ್ತು ಆನೋಡ್ ತಯಾರಾದ ದೇಶ. ಇದು ಆಗದ ಕೆಲಸ ಅಲ್ಲ, ಈ ಮಾಹಿತಿ ಕಂಪನಿಗಳ ಹತ್ರ ಇದೆ, ಕ್ರೆಡಿಟ್ಟಿಗೋಸ್ಕರ ನಿಮಗೆ ಕೊಟ್ಟೂ ಇದ್ರು. ಯುರೋಪಿನಲ್ಲಿ 2027ರ ಫೆಬ್ರವರಿ 18ರಿಂದ ಎಲೆಕ್ಟ್ರಿಕ್ ವಾಹನದ ಪ್ರತಿ ಬ್ಯಾಟರಿಗೂ ಡಿಜಿಟಲ್ ಪಾಸ್‌ಪೋರ್ಟ್ ಕಡ್ಡಾಯ ಆಗ್ತಿದೆ, ಕೋಡ್ ಸ್ಕ್ಯಾನ್ ಮಾಡಿದ್ರೆ ವಿವರ ಸಿಗಬೇಕು. ಅಲ್ಲಿ ಮಾರೋ ಕಂಪನಿಗಳಲ್ಲಿ ಸುಮಾರು ಇಲ್ಲೂ ಮಾರೋವೇ. ಅಲ್ಲಿಗೆ ಕೊಡೋ ಮಾಹಿತಿ ಇಲ್ಲಿಯ ಜನಕ್ಕೂ ಕೊಡಲಿ.

ಜೊತೆಗೆ ಇನ್ನೂ ಕೆಲವು ಕೇಳ್ಕೋತೀನಿ. ಮುಂದೆ ಯಾವುದೇ ಸಹಾಯಧನ ತಂದ್ರೂ ಅರ್ಹತೆಯನ್ನ ಒಪ್ಪಂದದ ದಿನಕ್ಕೆ ಗಟ್ಟಿ ಮಾಡಿ, ಡೆಲಿವರಿ ದಿನಕ್ಕಲ್ಲ, ಅದನ್ನ ಎರಡು ಸಲ ಮಾಡಿ ತೋರಿಸಿದ್ದೀರಿ. ಬ್ಯಾಟರಿ ನಿಯಮ ಹಾಕೋದಾದ್ರೆ ಲೀಸಿಗೂ ಖರೀದಿಗೂ ಒಂದೇ ನಿಯಮ ಹಾಕಿ, ಆಗ ಮಾತ್ರ ಕಂಪನಿಗಳು ಸೆಲ್ ತರೋ ಜಾಗ ನಿಜವಾಗಿ ಬದಲಾಯಿಸ್ತಾರೆ. ಡೀಲರ್ ರಿಪೋರ್ಟ್ ಹಾಕದೆ ಕ್ಲೇಮ್ ಕಳ್ಕೊಂಡೋರು ಬಿಲ್ಲು, ಒಪ್ಪಂದ, ಗಾಡಿಯ ಗುರುತಿನ ವಿಐಎನ್ ನಂಬರ್ ತೋರಿಸಿದ್ರೆ ಅವರ ಅರ್ಜಿಯನ್ನ ಮತ್ತೆ ಪರಿಶೀಲಿಸೋಕೆ ಒಂದು ವ್ಯವಸ್ಥೆ ಮಾಡಿ. ನಮ್ಮ ಮನೆಯ 7,500 ವಾಪಸ್ ಕೊಡಿ ಅಂತ ನಾನು ಕೇಳ್ತಿಲ್ಲ. ಆದ್ರೆ 2023ರ ಏಪ್ರಿಲ್ 18 ಮತ್ತು 2024ರ ಜನವರಿ 1ಕ್ಕೆ ಮುಂಚೆ ಒಪ್ಪಂದ ಮಾಡ್ಕೊಂಡು, ಆಮೇಲೆ ಗಾಡಿ ಬಂದಿದ್ದಕ್ಕೆ ಕ್ರೆಡಿಟ್ ಕಳ್ಕೊಂಡ ಮನೆಗಳು ಎಷ್ಟು ಅಂತ ಖಜಾನೆ ಇಲಾಖೆ ಲೆಕ್ಕ ತೆಗೆದು ಪ್ರಕಟಿಸಬೇಕು.

ಓದ್ತಿರೋ ನಮ್ಮವರಿಗೆ: 2025ರ ಸೆಪ್ಟೆಂಬರ್ 30ರ ಒಳಗೆ ಸೈನ್ ಮಾಡಿ ದುಡ್ಡು ಕಟ್ಟಿ, ಗಾಡಿ ಆಮೇಲೆ ಬಂದಿದ್ರೆ ನಿಮ್ಮ ಕ್ಲೇಮ್ ಇನ್ನೂ ಇದೆ, ಬಿಡಬೇಡಿ, ಆ ಒಪ್ಪಂದದ ಕಾಪಿ ಮತ್ತು ದುಡ್ಡು ಕಟ್ಟಿದ ರಸೀದಿ ಜೋಪಾನವಾಗಿ ಇಟ್ಕೊಳ್ಳಿ, ಡೀಲರ್ ಕೊಟ್ಟ ಸೇಲ್ ರಿಪೋರ್ಟ್ ಕಾಪಿ ಇದ್ಯಾ ಅಂತ ಇವತ್ತೇ ನೋಡ್ಕೊಳ್ಳಿ.

ಮಾನ್ಯ ಸದಸ್ಯರೇ, ಅಧಿಕಾರಿಗಳೇ, ಲೇಬಲ್ ತಿದ್ದುಪಡಿ ಬಗ್ಗೆ ನಿಮ್ಮ ನಿಲುವೇನು ಅಂತ ಬರವಣಿಗೆಯಲ್ಲಿ ತಿಳಿಸಬೇಕು ಅಂತ ಕೋರ್ತೀನಿ. ಉತ್ತರ ಏನೇ ಬಂದ್ರೂ ಇದೇ ಜಾಗದಲ್ಲಿ ಪೂರ್ತಿಯಾಗಿ ಹಾಕ್ತೀನಿ.

ಇತಿ ತಮ್ಮ ವಿಶ್ವಾಸಿ,
ಮಿಶಿಗನ್ನಿನ ಒಬ್ಬ ಕನ್ನಡತಿ